ಅನುವಂಶೀಯ ಕ್ಯಾನ್ಸರ್ ಮತ್ತು ಮುಂಜಾಗ್ರತೆಯ ಶಸ್ತ್ರಚಿಕಿತ್ಸೆ

ರೋಗ ಇನ್ನೂ ಕಾಲಿಡದ ಅಂಗವನ್ನು, ಮುಂದೆ ಅಲ್ಲಿ ಕ್ಯಾನ್ಸರ್ ಹುಟ್ಟುವ ಸಂಭವ ಬಹಳ ಹೆಚ್ಚು ಎಂಬ ಕಾರಣಕ್ಕೆ ಮೊದಲೇ ತೆಗೆದುಹಾಕುವುದು ಮುಂಜಾಗ್ರತೆಯ ಶಸ್ತ್ರಚಿಕಿತ್ಸೆ. ಸ್ತನ, ಅಂಡಾಶಯ ಮತ್ತು ಅಂಡನಾಳ, ಗರ್ಭಕೋಶ, ದೊಡ್ಡ ಕರುಳು, ಜಠರ, ಥೈರಾಯ್ಡ್ ಗ್ರಂಥಿ ಇವು ಹೀಗೆ ತೆಗೆಯಲಾಗುವ ಮುಖ್ಯ ಅಂಗಗಳು. ವೈದ್ಯರು ಈಚೆಗೆ ‘ರೋಗ ತಡೆಯುವ’ ಎನ್ನುವುದನ್ನು ಬಿಟ್ಟು ‘ಅಪಾಯ ತಗ್ಗಿಸುವ’ ಶಸ್ತ್ರಚಿಕಿತ್ಸೆ ಎಂದೇ ಹೇಳುತ್ತಾರೆ. ಯಾವ ಶಸ್ತ್ರವೂ ಅಂಗದ ಕಟ್ಟಕಡೆಯ ಜೀವಕೋಶವನ್ನು ತಲುಪಲಾರದು ಎಂಬ ಪ್ರಾಮಾಣಿಕತೆ ಆ ಮಾತಿನಲ್ಲಿದೆ.

ಒಟ್ಟು ಕ್ಯಾನ್ಸರ್‌ಗಳಲ್ಲಿ ಶೇ. 5ರಿಂದ 10ರಷ್ಟು ಮಾತ್ರ ಒಂದೇ ವಂಶವಾಹಿಯ ದೋಷದಿಂದ ಮನೆತನದಲ್ಲಿ ಇಳಿದು ಬರುವಂಥವು. ಮನೆಯಲ್ಲಿ ಒಬ್ಬರಿಗೆ ಕ್ಯಾನ್ಸರ್ ಬಂದ ಮಾತ್ರಕ್ಕೆ ಉಳಿದವರೆಲ್ಲ ಈ ಗುಂಪಿಗೆ ಸೇರುವುದಿಲ್ಲ. ಸೇರಿದವರ ಮುಂದೆ ವೈದ್ಯರು ಸಾಮಾನ್ಯವಾಗಿ ಒಂದು ಸಂಖ್ಯೆ ಇಡುತ್ತಾರೆ: ಜೀವಮಾನದ ಅಪಾಯ ನೂರಕ್ಕೆ ಇಷ್ಟು ಎಂದು. ನಿರ್ಧಾರ ಆ ಸಂಖ್ಯೆಯಿಂದಲೇ ಹೊರಡುತ್ತದೆ ಎಂದು ಮೇಲುನೋಟಕ್ಕೆ ಅನಿಸಬಹುದು. ಆದರೆ ಅಂಗದಿಂದ ಅಂಗಕ್ಕೆ ವೈದ್ಯಕೀಯ ಸಲಹೆ ಏಕೆ ಬದಲಾಗುತ್ತದೆಂದು ನೋಡಿದರೆ ಇನ್ನೊಂದು ಪ್ರಶ್ನೆಯೇ ಹೆಚ್ಚು ತೂಕದ್ದು: ಅಂಗವನ್ನು ಉಳಿಸಿಕೊಂಡು ಕಾಯುತ್ತ ಕುಳಿತರೆ, ಕ್ಯಾನ್ಸರ್ ತಲೆ ಎತ್ತಿದ ಹೊತ್ತಿಗೇ ಅದನ್ನು ಕಾಣಲು ಸಾಧ್ಯವೇ?

ಹಿನ್ನೆಲೆ

ಮನೆತನದಲ್ಲಿ ಕ್ಯಾನ್ಸರ್ ಹರಿದು ಬರುತ್ತದೆಂಬ ತಿಳಿವಳಿಕೆ ವಂಶವಾಹಿ ವಿಜ್ಞಾನಕ್ಕಿಂತ ಹಳೆಯದು. ಫ್ರೆಂಚ್ ಶಸ್ತ್ರವೈದ್ಯ ಪಾಲ್ ಬ್ರೋಕಾ ತಮ್ಮ ಹೆಂಡತಿಯ ಮನೆತನದ ಹೆಂಗಸರು ತಲೆಮಾರುಗಳಿಂದ ಸ್ತನ ಕ್ಯಾನ್ಸರಿನಿಂದ ತೀರಿಕೊಳ್ಳುತ್ತ ಬಂದದ್ದನ್ನು 1866ರಲ್ಲಿ ಬರೆದಿಟ್ಟರು. 1895ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ರೋಗಶಾಸ್ತ್ರಜ್ಞ ಆಲ್ಡ್ರೆಡ್ ವಾರ್ತಿನ್ ಅವರಿಗೆ ಬಟ್ಟೆ ಹೊಲಿದುಕೊಡುತ್ತಿದ್ದ ಹೆಂಗಸೊಬ್ಬರು ತಾನು ಹೆಚ್ಚು ಕಾಲ ಬದುಕುವವಳಲ್ಲ ಎಂದರು. ಅವರ ಮನೆಯವರಲ್ಲಿ ಬಹಳಷ್ಟು ಮಂದಿ ಕರುಳು, ಹೊಟ್ಟೆ ಇಲ್ಲವೆ ಗರ್ಭಕೋಶದ ಕ್ಯಾನ್ಸರಿನಿಂದ ಹೋಗಿದ್ದರು. ಆಗ ಗಟ್ಟಿಮುಟ್ಟಾಗಿದ್ದ ಆಕೆ ಮುಂದೆ ಗರ್ಭಕೋಶದ ಕ್ಯಾನ್ಸರಿನಿಂದಲೇ ತೀರಿಕೊಂಡರು. ವಾರ್ತಿನ್ 1913ರಲ್ಲಿ ಆ ವಂಶಾವಳಿಯನ್ನು ‘ಜಿ ಕುಟುಂಬ’ ಎಂಬ ಹೆಸರಿನಲ್ಲಿ ಪ್ರಕಟಿಸಿದರು. 1960ರ ದಶಕದಿಂದ ವೈದ್ಯ ಹೆನ್ರಿ ಲಿಂಚ್ ಅಂಥ ಕುಟುಂಬಗಳನ್ನು ಹುಡುಕಿ ಹುಡುಕಿ ದಾಖಲಿಸಿದರು, ರೋಗಕ್ಕೆ ಲಿಂಚ್ ಸಿಂಡ್ರೋಮ್ ಎಂಬ ಹೆಸರು ನಿಂತಿತು. ಹೊಲಿಗೆಯ ಆ ಹೆಂಗಸಿಗೆ ತಿಳಿದಿದ್ದು ಇಂದಿನ ಪ್ರಯೋಗಾಲಯದ ವರದಿಗಿಂತ ಬಹಳ ಕಡಿಮೆಯೇನಲ್ಲ. ಅವರಿಗೆ ಇಲ್ಲದೆ ಹೋದದ್ದು ಉಪಾಯ.

ಉಪಾಯ ಮೊದಲು ಸಿಕ್ಕಿದ್ದು ಕರುಳಿಗೆ. ದೊಡ್ಡ ಕರುಳಿನ ಒಳಗೋಡೆಯಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ಸಣ್ಣ ಗಡ್ಡೆಗಳು ಏಳುವ ರೋಗವೊಂದಿದೆ. ಈ ಗಡ್ಡೆಗಳಿಗೆ ಪಾಲಿಪ್ ಎಂದು ಹೆಸರು. ಎಪಿಸಿ ಎಂಬ ವಂಶವಾಹಿಯ ದೋಷ ಇದಕ್ಕೆ ಕಾರಣವೆಂದು ಗೊತ್ತಾದದ್ದು 1991ರಲ್ಲಿ. ಆದರೆ ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆ ಇಂಥ ಕುಟುಂಬಗಳ ದಾಖಲೆಪುಸ್ತಕವನ್ನು 1924ರಲ್ಲೇ ತೆರೆದಿತ್ತು. ವಂಶವಾಹಿಯ ಹೆಸರೂ ಗೊತ್ತಿಲ್ಲದ ಕಾಲದಲ್ಲಿ, ವಂಶಾವಳಿ ಬರೆದು, ಕರುಳನ್ನು ಕಣ್ಣಾರೆ ನೋಡಿ, ಕ್ಯಾನ್ಸರ್ ಆಗುವ ಮುನ್ನ ಕರುಳು ತೆಗೆಯುವ ಪದ್ಧತಿ ಅಲ್ಲಿ ಬೆಳೆಯಿತು.

ಸ್ತನ ಕ್ಯಾನ್ಸರಿನ ಎಳೆ ಸಿಕ್ಕಿದ್ದು 1990ರಲ್ಲಿ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿದ್ದ ವಿಜ್ಞಾನಿ ಮೇರಿ-ಕ್ಲೇರ್ ಕಿಂಗ್, ಕೆಲವು ಕುಟುಂಬಗಳ ಸ್ತನ ಕ್ಯಾನ್ಸರಿಗೆ 17ನೆಯ ವರ್ಣತಂತುವಿನ ಒಂದು ಭಾಗ ಕಾರಣವೆಂದು ತೋರಿಸಿದರು. ಒಂದು ವಂಶವಾಹಿಗೆ ಇಷ್ಟು ಸಾಮಾನ್ಯ ರೋಗವನ್ನು ಗಂಟುಹಾಕುವುದು ಹುಚ್ಚು ಎಂದು ಅಲ್ಲಿಯವರೆಗೆ ಅನೇಕರು ತಿಳಿದಿದ್ದರು. 1994ರಲ್ಲಿ ಬಿಆರ್‌ಸಿಎ1, ಮರುವರ್ಷ 13ನೆಯ ವರ್ಣತಂತುವಿನಲ್ಲಿ ಬಿಆರ್‌ಸಿಎ2 ಎಂಬ ವಂಶವಾಹಿಗಳು ಕೈಗೆ ಸಿಕ್ಕವು. ಡಿಎನ್‌ಎಯ ಎರಡೂ ಎಳೆಗಳು ತುಂಡಾದಾಗ ಅದನ್ನು ಸರಿಯಾಗಿ ಜೋಡಿಸುವುದು ಇವೆರಡರ ಕೆಲಸ. ಪ್ರತಿಯೊಬ್ಬರಲ್ಲೂ ಪ್ರತಿಯೊಂದರ ಎರಡು ಪ್ರತಿಗಳಿರುತ್ತವೆ. ಒಂದು ಹುಟ್ಟಿನಿಂದಲೇ ಕೆಟ್ಟಿದ್ದರೆ ಇನ್ನೊಂದು ಹೊರೆ ಹೊರುತ್ತದೆ. ಯಾವುದೋ ಒಂದು ಜೀವಕೋಶದಲ್ಲಿ ಅದೂ ಕೈಕೊಟ್ಟಾಗ ಕ್ಯಾನ್ಸರಿಗೆ ದಾರಿಯಾಗುತ್ತದೆ.

ಕಾಯಲು ಆಗದ ಅಂಗಗಳು

ಥೈರಾಯ್ಡ್ ವಿಷಯದಲ್ಲಿ ಚರ್ಚೆಗೆ ಹೆಚ್ಚು ಜಾಗವಿಲ್ಲ. ರೆಟ್ ಎಂಬ ವಂಶವಾಹಿಯ ದೋಷ ಹೊತ್ತ ಮಕ್ಕಳಿಗೆ ಥೈರಾಯ್ಡಿನ ಮೆಡುಲರಿ ಕ್ಯಾನ್ಸರ್ ಹೆಚ್ಚುಕಡಿಮೆ ಖಚಿತ. ದೋಷ ವಂಶವಾಹಿಯ ಯಾವ ತಾಣದಲ್ಲಿದೆ ಎಂಬುದರ ಮೇಲೆ ಗ್ರಂಥಿಯನ್ನು ಯಾವ ವಯಸ್ಸಿಗೆ ತೆಗೆಯಬೇಕೆಂದು ನಿಗದಿಯಾಗುತ್ತದೆ: ಅತ್ಯಂತ ಉಗ್ರ ಬಗೆಯಲ್ಲಿ ಮೊದಲ ಹುಟ್ಟುಹಬ್ಬದೊಳಗೆ, ಅದಕ್ಕಿಂತ ತುಸು ಸೌಮ್ಯವಾದದ್ದರಲ್ಲಿ ಐದು ವರ್ಷದೊಳಗೆ. ನಿರ್ಧಾರ ತಂದೆತಾಯಿಯದು. ಮಗು ದಿನಾ ಒಂದು ಥೈರಾಕ್ಸಿನ್ ಮಾತ್ರೆ ನುಂಗುತ್ತ ಎಲ್ಲರಂತೆ ಬೆಳೆಯುತ್ತದೆ. ಪಕ್ಕದಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳಿಗೂ ದನಿಯ ನರಕ್ಕೂ ಏಟು ಬೀಳದ ಹಾಗೆ ಪಳಗಿದ ಕೈಯೇ ಈ ಕೆಲಸ ಮಾಡಬೇಕು, ಅಷ್ಟೆ.

ಎಪಿಸಿ ದೋಷದ ಕರುಳು ಸಹ ಹೀಗೆಯೇ. ಚಿಕಿತ್ಸೆಯಿಲ್ಲದೆ ಬಿಟ್ಟರೆ ಸುಮಾರು ನಲವತ್ತರ ಹೊತ್ತಿಗೆ ಕ್ಯಾನ್ಸರ್ ಬಂದೇ ಬರುತ್ತದೆ. ಗಡ್ಡೆಗಳು ಬೆರಳೆಣಿಕೆಯವಾದರೆ ಕೊಲೊನೋಸ್ಕೋಪಿಯಲ್ಲಿ ಒಂದೊಂದಾಗಿ ಕಿತ್ತುಹಾಕಬಹುದು, ಸಾವಿರವಾದರೆ ಆಗದು. ಆದ್ದರಿಂದ ಹದಿಹರೆಯದ ಕೊನೆಗೆ ಅಥವಾ ಇಪ್ಪತ್ತರ ಆರಂಭದಲ್ಲಿ ದೊಡ್ಡ ಕರುಳನ್ನು ತೆಗೆಯುತ್ತಾರೆ. ಇಲ್ಲಿ ಆಯ್ಕೆ ‘ಮಾಡಿಸಬೇಕೆ’ ಎನ್ನುವುದಲ್ಲ, ‘ಯಾವುದು’ ಎನ್ನುವುದು. ಮಲಾಶಯವನ್ನು ಉಳಿಸಿಕೊಂಡರೆ ಜೀವನ ಸರಾಗ, ಆದರೆ ಉಳಿದ ಆ ಭಾಗಕ್ಕೆ ಆಯುಷ್ಯವಿಡೀ ಕಾವಲು ಬೇಕು. ಅದನ್ನೂ ತೆಗೆದು ಸಣ್ಣ ಕರುಳಿನಿಂದಲೇ ಚೀಲವೊಂದನ್ನು ಹೊಲಿದು ಗುದದ್ವಾರಕ್ಕೆ ಜೋಡಿಸುವ ವಿಧಾನ 1978ರಿಂದ ಬಳಕೆಯಲ್ಲಿದೆ. ಅದು ಹೆಣ್ಣುಮಕ್ಕಳಲ್ಲಿ ಗರ್ಭ ನಿಲ್ಲುವ ಸಾಧ್ಯತೆಯನ್ನು ಕುಗ್ಗಿಸುತ್ತದೆ. ಹಾಗಾಗಿ ಕೆಲವು ಯುವತಿಯರು ಮೊದಲಿಗೆ ಸಣ್ಣ ಶಸ್ತ್ರಚಿಕಿತ್ಸೆ ಮಾಡಿಸಿ, ಮಕ್ಕಳಾದ ಮೇಲೆ ದೊಡ್ಡದಕ್ಕೆ ಒಪ್ಪುತ್ತಾರೆ.

ಲಿಂಚ್ ಸಿಂಡ್ರೋಮಿನಲ್ಲಿ ಇದೇ ಕರುಳಿನ ಕಥೆ ಬೇರೆಯಾಗುತ್ತದೆ. ಗಡ್ಡೆಗಳು ಕೆಲವೇ, ಒಂದೆರಡು ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ ಮಾಡಿಸುತ್ತಿದ್ದರೆ ಅವನ್ನು ಕಂಡ ಕೂಡಲೇ ತೆಗೆಯಬಹುದು. ಅಪಾಯ ಕಡಿಮೆಯೇನಲ್ಲ, ಆದರೂ ಆರೋಗ್ಯವಂತರ ಕರುಳನ್ನು ತೆಗೆಯುವ ಸಲಹೆ ಸಾಮಾನ್ಯವಾಗಿ ಇಲ್ಲ. ಅದೇ ದೋಷವಿರುವ ಹೆಂಗಸಿನ ಗರ್ಭಕೋಶ ಮತ್ತು ಅಂಡಾಶಯಗಳನ್ನು ಮಕ್ಕಳು ಸಾಕೆನಿಸಿದ ಮೇಲೆ ತೆಗೆಸುವ ಆಯ್ಕೆಯನ್ನು ವೈದ್ಯರು ಮುಂದಿಡುತ್ತಾರೆ. ದೋಷ ಒಂದೇ, ದೇಹ ಒಂದೇ. ಒಂದು ಅಂಗವನ್ನು ಕಾಯಬಹುದು, ಇನ್ನೊಂದನ್ನು ಅಷ್ಟು ನಂಬಿಕೆಯಿಂದ ಕಾಯಲಾಗದು.

ಜಠರದ್ದು ಇವೆಲ್ಲಕ್ಕಿಂತ ಕಠಿಣ. ನ್ಯೂಜಿಲೆಂಡಿನ ಟೌರಂಗಾ ಬಳಿಯ ಒಂದು ಮಾವೊರಿ ಕುಟುಂಬದಲ್ಲಿ ಮೂರು ದಶಕಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ, ಹದಿಹರೆಯದವರೂ ಸೇರಿ, ಹೊಟ್ಟೆಯ ಕ್ಯಾನ್ಸರಿನಿಂದ ಸತ್ತಿದ್ದರು. ಕುಟುಂಬದವರೇ ಮುಂದಾಗಿ ಒಟಾಗೊ ವಿಶ್ವವಿದ್ಯಾಲಯದ ವಿಜ್ಞಾನಿಗಳ ಜೊತೆ ಕೈಜೋಡಿಸಿದರು. ಪ್ಯಾರಿ ಗಿಲ್‌ಫರ್ಡ್ ಮತ್ತು ಸಂಗಡಿಗರು 1998ರಲ್ಲಿ ಸಿಡಿಎಚ್1 ಎಂಬ ವಂಶವಾಹಿಯ ದೋಷವನ್ನು ಕಂಡುಹಿಡಿದರು. ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿಡುವ ಪ್ರೋಟೀನನ್ನು ಮಾಡುವ ವಂಶವಾಹಿ ಅದು. ಅಂಟು ಸಡಿಲವಾದ ಜೀವಕೋಶಗಳು ಗಡ್ಡೆ ಕಟ್ಟದೆ ಗೋಡೆಯೊಳಗೆ ಚೆದುರಿ ಹರಡುತ್ತವೆ. ಎಂಡೋಸ್ಕೋಪಿಯಲ್ಲಿ ಜಠರ ನಯವಾಗಿ, ಸ್ವಚ್ಛವಾಗಿ ಕಾಣುತ್ತದೆ. ಹೀಗೆ ‘ಸ್ವಚ್ಛ’ವೆಂದು ಕಂಡ ಜಠರವನ್ನು ಮುಂಜಾಗ್ರತೆಗೆ ತೆಗೆದು ಪದರ ಪದರವಾಗಿ ಸೂಕ್ಷ್ಮದರ್ಶಕದಡಿ ನೋಡಿದಾಗ ಬಹುತೇಕ ಎಲ್ಲದರಲ್ಲೂ ಕ್ಯಾನ್ಸರಿನ ಚುಕ್ಕೆಗಳು ಸಿಗುತ್ತವೆ. ಶಸ್ತ್ರಚಿಕಿತ್ಸೆಯ ಸಲಹೆ 20ರಿಂದ 30ರ ವಯಸ್ಸಿನಲ್ಲಿ. ಅನ್ನನಾಳವನ್ನು ನೇರ ಸಣ್ಣ ಕರುಳಿಗೆ ಸೇರಿಸುತ್ತಾರೆ. ಆಮೇಲೆ ಸ್ವಲ್ಪ ಸ್ವಲ್ಪವೇ, ಮತ್ತೆ ಮತ್ತೆ ಉಣ್ಣಬೇಕು, ತೂಕ ಇಳಿಯುತ್ತದೆ, ಸಿಹಿ ತಿಂದರೆ ಬೆವರು, ತಲೆಸುತ್ತು ಬರಬಹುದು, ವಿಟಮಿನ್ ಬಿ12 ಚುಚ್ಚುಮದ್ದು ಜೀವನಪರ್ಯಂತ. ಬಡಿಸಿದ್ದನ್ನು ಬೇಡವೆನ್ನುವುದೇ ಅವಮಾನವೆಂದು ಎಣಿಸುವ ನಮ್ಮಂಥ ಊಟದ ಮನೆಗಳಲ್ಲಿ ಇದು ವೈದ್ಯಕೀಯ ಪುಸ್ತಕ ಹೇಳುವುದಕ್ಕಿಂತ ದೊಡ್ಡ ತೊಡಕು.

ಸಂಖ್ಯೆಗಳನ್ನು ಎಷ್ಟು ನಂಬಬೇಕು ಎಂಬ ಪಾಠವೂ ಜಠರದಲ್ಲಿದೆ. ಮೊದಲ ಲೆಕ್ಕಗಳಲ್ಲಿ ಸಿಡಿಎಚ್1 ದೋಷವಿದ್ದವರ ಅಪಾಯ ನೂರಕ್ಕೆ 70, ಕೆಲವೆಡೆ ಅದಕ್ಕೂ ಹೆಚ್ಚು ಇತ್ತು. ಆ ಲೆಕ್ಕ ಹುಟ್ಟಿದ್ದು ಸಾವಿನ ಮೇಲೆ ಸಾವು ಕಂಡ ಕುಟುಂಬಗಳಿಂದ. ಪರೀಕ್ಷೆ ಅಗ್ಗವಾಗಿ, ಅಂಥ ಚರಿತ್ರೆಯಿಲ್ಲದ ಮನೆಗಳಲ್ಲೂ ದೋಷ ಪತ್ತೆಯಾಗತೊಡಗಿದ ಮೇಲೆ ಅಂಕಿ ಬಹಳ ಇಳಿದಿದೆ. ಈಗ ನುರಿತ ಕೇಂದ್ರಗಳಲ್ಲಿ ವರ್ಷಕ್ಕೊಮ್ಮೆ ಎಂಡೋಸ್ಕೋಪಿ ಮಾಡಿಸುತ್ತ ಕಾಯುವುದೂ ಕೆಲವರ ಮಟ್ಟಿಗೆ ಒಪ್ಪಿತ ದಾರಿ.

ಅಂಡಾಶಯ

ಬಿಆರ್‌ಸಿಎ ದೋಷವೆಂದರೆ ಜನ ಸ್ತನವನ್ನೇ ನೆನೆಯುತ್ತಾರೆ. ಜೀವ ಉಳಿಸುವ ದೃಷ್ಟಿಯಿಂದ ಅಂಡಾಶಯದ ಶಸ್ತ್ರಚಿಕಿತ್ಸೆಯೇ ಹಿರಿದು. 2017ರಲ್ಲಿ ಪ್ರಕಟವಾದ ದೊಡ್ಡ ಅಂತಾರಾಷ್ಟ್ರೀಯ ಅಧ್ಯಯನದ ಪ್ರಕಾರ 80 ವರ್ಷದೊಳಗೆ ಅಂಡಾಶಯದ ಕ್ಯಾನ್ಸರ್ ಬರುವ ಸಂಭವ ಬಿಆರ್‌ಸಿಎ1 ದೋಷ ಇದ್ದವರಲ್ಲಿ ಶೇ. 44, ಬಿಆರ್‌ಸಿಎ2 ದೋಷ ಇದ್ದವರಲ್ಲಿ ಶೇ. 17. ಸ್ತನದ ಅಂಕಿಗಿಂತ ಇವು ಚಿಕ್ಕವು. ಆದರೆ ಕಿಬ್ಬೊಟ್ಟೆಯ ಆಳದಲ್ಲಿರುವ ಅಂಡಾಶಯವನ್ನು ಕಾಯುವ ವಿಧಾನವೇ ಇಲ್ಲ. ಬ್ರಿಟನ್ನಿನಲ್ಲಿ ಎರಡು ಲಕ್ಷ ಸಾಮಾನ್ಯ ಮಹಿಳೆಯರ ಮೇಲೆ ವರ್ಷಗಟ್ಟಲೆ ರಕ್ತಪರೀಕ್ಷೆ, ಸ್ಕ್ಯಾನ್ ನಡೆಸಿದ ಪ್ರಯೋಗದ ಫಲಿತಾಂಶ 2021ರಲ್ಲಿ ಬಂತು: ಸಾವು ಕಡಿಮೆಯಾಗಲಿಲ್ಲ. ರೋಗ ಕಂಡಾಗ ಅದು ಬಹುಪಾಲು ಹೊಟ್ಟೆಯೊಳಗೆಲ್ಲ ಹಬ್ಬಿರುತ್ತದೆ.

ಎರಡೂ ಅಂಡಾಶಯ ಮತ್ತು ಅಂಡನಾಳಗಳನ್ನು ತೆಗೆದರೆ ಈ ಅಪಾಯ ಸುಮಾರು ಶೇ. 80ರಷ್ಟು ತಗ್ಗುತ್ತದೆ, ಒಟ್ಟಾರೆ ಸಾವೂ ತಗ್ಗುತ್ತದೆಂದು ದೀರ್ಘಕಾಲದ ಅಧ್ಯಯನಗಳು ತೋರಿಸಿವೆ. ಸೂಚಿತ ವಯಸ್ಸು ಬಿಆರ್‌ಸಿಎ1ಕ್ಕೆ 35ರಿಂದ 40, ರೋಗ ತಡವಾಗಿ ಬರುವ ಬಿಆರ್‌ಸಿಎ2ಕ್ಕೆ 40ರಿಂದ 45. ಮಕ್ಕಳು ಬೇಕೆನ್ನುವವರು ಅಷ್ಟರೊಳಗೆ ಯೋಚಿಸಬೇಕು. ಶಸ್ತ್ರಚಿಕಿತ್ಸೆ ಲ್ಯಾಪರೊಸ್ಕೋಪಿಯಲ್ಲಿ ನಡೆಯುವಂಥದು, ಒಂದೆರಡು ದಿನದಲ್ಲಿ ಮನೆಗೆ ಬರಬಹುದು. ಕಷ್ಟ ಆಮೇಲಿನದು. ನಾಲ್ಕೈದು ವರ್ಷಗಳಲ್ಲಿ ನಿಧಾನವಾಗಿ ನಿಲ್ಲಬೇಕಾದ ಮುಟ್ಟು ಒಂದೇ ಬೆಳಗಿಗೆ ನಿಲ್ಲುತ್ತದೆ: ಮೈ ಕಾವೇರುವುದು, ನಿದ್ದೆಗೇಡು, ಯೋನಿ ಒಣಗುವುದು, ಮೂಳೆ ಸವೆತ, ಹೃದಯದ ಮೇಲಿನ ಒತ್ತಡ. ಸ್ತನ ಕ್ಯಾನ್ಸರ್ ಬಂದಿಲ್ಲದವರಿಗೆ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಹಾರ್ಮೋನ್ ಕೊಡಬಹುದು. ಅದನ್ನು ಮೊದಲೇ ಹೇಳಿ, ಒಪ್ಪಿಸಿ, ಬರೆದುಕೊಡುವ ವೈದ್ಯರು ಸಿಕ್ಕರೆ ಹೆಂಗಸಿನ ಮುಂದಿನ ಹತ್ತು ವರ್ಷವೇ ಬೇರೆಯಾಗುತ್ತದೆ.

ಸ್ತನ

ಅದೇ 2017ರ ಅಧ್ಯಯನದಲ್ಲಿ ಸ್ತನ ಕ್ಯಾನ್ಸರಿನ ಅಂಕಿ ಬಿಆರ್‌ಸಿಎ1ಕ್ಕೆ ಶೇ. 72, ಬಿಆರ್‌ಸಿಎ2ಕ್ಕೆ ಶೇ. 69. ನಟಿ ಆಂಜಲೀನಾ ಜೋಲಿ ತಮ್ಮ ಎರಡೂ ಸ್ತನಗಳನ್ನು ತೆಗೆಸಿಕೊಂಡದ್ದನ್ನು 14 ಮೇ 2013ರ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದಾಗ ಕೊಟ್ಟಿದ್ದ ಅಂಕಿ ಶೇ. 87. ಅದೂ ಮೊದಮೊದಲ, ಕ್ಯಾನ್ಸರ್ ಕಿಕ್ಕಿರಿದ ಕುಟುಂಬಗಳಿಂದ ಬಂದ ಲೆಕ್ಕ. ಅವರ ತಾಯಿ 56ನೆಯ ವಯಸ್ಸಿಗೆ ತೀರಿಕೊಂಡಿದ್ದರು. ಪರೀಕ್ಷೆಗೆ 3,000 ಡಾಲರಿಗೂ ಹೆಚ್ಚು ಖರ್ಚಾಗುವುದು ಅನೇಕ ಹೆಂಗಸರಿಗೆ ಅಡ್ಡಿ ಎಂದೂ ಅವರು ಬರೆದಿದ್ದರು. ಆಗ ಅಮೆರಿಕದಲ್ಲಿ ಆ ವಂಶವಾಹಿಗಳ ಪೇಟೆಂಟ್ ಮಿರಿಯಡ್ ಎಂಬ ಕಂಪನಿಯ ಹತ್ತಿರವಿತ್ತು. ಒಂದು ತಿಂಗಳೊಳಗೆ, ಜೂನ್ 13ರಂದು, ಪ್ರಕೃತಿಯಲ್ಲಿರುವ ವಂಶವಾಹಿಗೆ ಪೇಟೆಂಟ್ ಇಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಜೋಲಿಯ ಲೇಖನದ ಬಳಿಕ ಬ್ರಿಟನ್ನಿನಲ್ಲಿ ಆ ಬೇಸಗೆಯ ತಿಂಗಳುಗಳಲ್ಲಿ ಅನುವಂಶೀಯ ಸ್ತನ ಕ್ಯಾನ್ಸರ್ ಕ್ಲಿನಿಕ್ಕುಗಳಿಗೆ ಬರುವವರ ಸಂಖ್ಯೆ ಹಿಂದಿನ ವರ್ಷದ ಎರಡರಷ್ಟನ್ನೂ ಮೀರಿತು. 2015ರಲ್ಲಿ ಜೋಲಿ ಅಂಡಾಶಯಗಳನ್ನೂ ತೆಗೆಸಿ, ಅದನ್ನೂ ಬರೆದರು. ಆ ಎರಡನೆಯ ಲೇಖನ ಮೊದಲಿನಷ್ಟು ಸದ್ದು ಮಾಡಲಿಲ್ಲ. ವೈದ್ಯಕೀಯವಾಗಿ ಅದೇ ಹೆಚ್ಚು ಮುಖ್ಯವಾದದ್ದು.

ಎರಡೂ ಸ್ತನ ತೆಗೆಯುವುದರಿಂದ ಕ್ಯಾನ್ಸರ್ ಬರುವುದು ಶೇ. 90ರಷ್ಟು, ಇಲ್ಲವೆ ಅದಕ್ಕೂ ಹೆಚ್ಚು ಕಡಿಮೆಯಾಗುತ್ತದೆ. 2010ರ ಒಂದು ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 247 ಮಂದಿಯಲ್ಲಿ ಸುಮಾರು ಮೂರು ವರ್ಷದ ಅವಧಿಯಲ್ಲಿ ಒಬ್ಬರಿಗೂ ರೋಗ ಬರಲಿಲ್ಲ. ಮಾಡಿಸದ 1,372 ಮಂದಿಯಲ್ಲಿ 98 ಮಂದಿಗೆ ಬಂತು. ಇಷ್ಟು ಸ್ಪಷ್ಟವಾದ ಮೇಲೂ ವೈದ್ಯರು ಇದನ್ನು ‘ಮಾಡಿಸಲೇಬೇಕು’ ಎನ್ನದಿರುವುದು ಏಕೆಂದರೆ ಸ್ತನವನ್ನು ಕಾಯಬಹುದು. 25ರಿಂದ ವರ್ಷಕ್ಕೊಮ್ಮೆ ಎಂಆರ್‌ಐ, 30ರಿಂದ ಜೊತೆಗೆ ಮ್ಯಾಮೊಗ್ರಾಂ ಮಾಡಿಸಿದರೆ ಬಹಳಷ್ಟು ಕ್ಯಾನ್ಸರ್‌ಗಳು ಚಿಕ್ಕದಿದ್ದಾಗಲೇ ಸಿಗುತ್ತವೆ. 2019ರ ಡಚ್ ಅಧ್ಯಯನವೊಂದರಲ್ಲಿ ಬಿಆರ್‌ಸಿಎ1 ಇದ್ದವರಿಗೆ ಶಸ್ತ್ರಚಿಕಿತ್ಸೆಯಿಂದ ಆಯುಷ್ಯದಲ್ಲಿ ಲಾಭ ಕಂಡಿತು. ಬಿಆರ್‌ಸಿಎ2 ಇದ್ದವರಲ್ಲಿ ಕಾದವರೂ ಕತ್ತರಿಸಿಕೊಂಡವರೂ ಸ್ತನ ಕ್ಯಾನ್ಸರಿನ ಸಾವಿನ ಮಟ್ಟಿಗೆ ಹೆಚ್ಚುಕಡಿಮೆ ಒಂದೇ. ಆದರೆ ಕಾಯುವುದೆಂದರೆ ಕ್ಯಾನ್ಸರ್ ಬರದಂತೆ ಮಾಡುವುದಲ್ಲ, ಬಂದದ್ದನ್ನು ಬೇಗ ಹಿಡಿಯುವುದು. ಹಿಡಿದ ಮೇಲೆ ಕೀಮೊಥೆರಪಿ ಇದ್ದೀತು. ಪ್ರತಿ ವರ್ಷ ವರದಿ ಕೈಗೆ ಬರುವವರೆಗಿನ ಆ ಕೆಲವು ದಿನಗಳನ್ನು ಒಬ್ಬರು ಸಹಿಸುತ್ತಾರೆ, ಇನ್ನೊಬ್ಬರಿಗೆ ಆಗುವುದಿಲ್ಲ.

ಆದ್ದರಿಂದಲೇ ಇಲ್ಲಿ ದೇಶ, ಸಮಾಜ, ಆಸ್ಪತ್ರೆಯ ಅಭ್ಯಾಸಗಳು ನಿರ್ಧಾರದೊಳಗೆ ನುಗ್ಗುತ್ತವೆ. ಒಂಬತ್ತು ದೇಶಗಳ ಬಿಆರ್‌ಸಿಎ ದೋಷವಿದ್ದ ಮಹಿಳೆಯರನ್ನು ಹೋಲಿಸಿದ 2008ರ ಅಧ್ಯಯನದಲ್ಲಿ, ರೋಗವಿಲ್ಲದವರ ಪೈಕಿ ಸ್ತನ ತೆಗೆಸಿಕೊಂಡವರು ಅಮೆರಿಕದಲ್ಲಿ ಶೇ. 36, ಪೋಲೆಂಡಿನಲ್ಲಿ ಶೇ. 3ಕ್ಕಿಂತ ಕಡಿಮೆ. ವಂಶವಾಹಿ ಎರಡು ಕಡೆಯೂ ಅದೇ.

ಚರ್ಮವನ್ನೂ ಮೊಲೆತೊಟ್ಟನ್ನೂ ಉಳಿಸಿ ಒಳಗಿನ ಅಂಗಾಂಶವನ್ನಷ್ಟೆ ತೆಗೆಯುವ ವಿಧಾನ ಈಗ ರೂಢಿಯಲ್ಲಿದೆ. ಸಿಲಿಕೋನ್ ಇಂಪ್ಲಾಂಟಿನಿಂದಲೋ ಹೊಟ್ಟೆಯ ಕೆಳಭಾಗದ ಕೊಬ್ಬಿನಿಂದಲೋ ಸ್ತನದ ಆಕಾರ ಕೊಡುತ್ತಾರೆ. ಏನೂ ಬೇಡ, ಎದೆ ಸಪಾಟಾಗಿಯೇ ಇರಲಿ ಎನ್ನುವವರೂ ಇದ್ದಾರೆ. ಆಕಾರ ಬಂದರೂ ಸ್ಪರ್ಶದ ಅರಿವು ಬಹುಮಟ್ಟಿಗೆ ಹೋಗುತ್ತದೆ. ಇಂಪ್ಲಾಂಟ್ ಶಾಶ್ವತವಲ್ಲ, ವರ್ಷಗಳ ಮೇಲೆ ಬದಲಿಸಬೇಕಾಗಬಹುದು. ಮಾಡಿಸಿಕೊಂಡವರಲ್ಲಿ ಪಶ್ಚಾತ್ತಾಪ ವಿರಳವೆಂದೇ ಹೆಚ್ಚಿನ ಅಧ್ಯಯನಗಳು ಹೇಳುತ್ತವೆ; ಬೇರೆಯವರ ಒತ್ತಾಯಕ್ಕೆ ಒಪ್ಪಿದವರಲ್ಲಿ ಅದು ಹೆಚ್ಚು.

ವರದಿ ಮತ್ತು ಮನೆತನ

ಶಸ್ತ್ರಚಿಕಿತ್ಸೆಯ ಮಾತಿಗೆ ಮೊದಲು ವರದಿಯನ್ನು ಸರಿಯಾಗಿ ಓದಬೇಕು. ವಂಶವಾಹಿಯಲ್ಲಿ ವ್ಯತ್ಯಾಸ ಕಂಡರೂ ಅದು ಕೆಡುಕಿನದೋ ನಿರುಪದ್ರವಿಯೋ ಹೇಳಲಾಗದ ಸ್ಥಿತಿಗೆ ‘ಅರ್ಥ ಅನಿಶ್ಚಿತ’ ಎಂದು ವರದಿಯಲ್ಲಿ ಬರೆಯುತ್ತಾರೆ. ಜಗತ್ತಿನ ದತ್ತಾಂಶ ಬಹುಪಾಲು ಯುರೋಪಿನ ಮೂಲದವರದು, ಹಾಗಾಗಿ ಭಾರತೀಯರ ವರದಿಗಳಲ್ಲಿ ಇಂಥ ಅನಿಶ್ಚಿತ ವ್ಯತ್ಯಾಸಗಳು ಹೆಚ್ಚು ಸಿಗುತ್ತವೆ. ಅವುಗಳಲ್ಲಿ ಬಹಳಷ್ಟು ಮುಂದೆ ನಿರುಪದ್ರವಿ ಎಂದೇ ತೀರ್ಮಾನವಾಗುತ್ತವೆ. ಅನಿಶ್ಚಿತ ವರದಿಯನ್ನು ನೆಚ್ಚಿ ಅಂಗ ತೆಗೆಯುವುದು ತಪ್ಪು. ಬೆಂಗಳೂರಿನ ಸ್ಟ್ರಾಂಡ್, ಮೆಡ್‌ಜೀನೋಮ್‌ನಂಥ ಪ್ರಯೋಗಾಲಯಗಳು ಬಂದ ಮೇಲೆ ಪರೀಕ್ಷೆ ಕೈಗೆಟುಕಿದೆ. ವರದಿಯನ್ನು ಎದುರು ಕೂತು ವಿವರಿಸುವ ಆಪ್ತಸಮಾಲೋಚಕರು ಅಷ್ಟು ಸುಲಭವಾಗಿ ಸಿಗುವುದಿಲ್ಲ. ಟಾಟಾ ಸ್ಮಾರಕ ಕೇಂದ್ರದಂಥ ಕೆಲವೇ ಕಡೆ ಇದಕ್ಕೆಂದೇ ವಿಭಾಗಗಳಿವೆ.

ಪರೀಕ್ಷೆಯನ್ನು ಮೊದಲು ಕ್ಯಾನ್ಸರ್ ಬಂದವರಿಗೆ ಮಾಡಬೇಕು, ದೋಷ ಸಿಕ್ಕರೆ ಆಮೇಲೆ ಉಳಿದವರಿಗೆ. ಮಕ್ಕಳಿಗೆ ಅದು ಇಳಿಯುವ ಸಂಭವ ಅರ್ಧಕ್ಕರ್ಧ. ಗಂಡುಮಗ, ಹೆಣ್ಣುಮಗಳು ಎಂಬ ಭೇದವಿಲ್ಲ. ನಮ್ಮಲ್ಲಿ ತಾಯಿಯ ಕಡೆಯವರ ರೋಗವನ್ನಷ್ಟೆ ಲೆಕ್ಕಹಾಕುವ ರೂಢಿಯಿದೆ. ಸೋದರತ್ತೆಯ ಸ್ತನ ಕ್ಯಾನ್ಸರ್ ತಂದೆಯ ಮೂಲಕ ಮಗಳಿಗೆ ಬರಬಹುದೆಂದು ಹೇಳಿದರೆ ಬೆರಗಾಗುವವರೇ ಹೆಚ್ಚು. ಅಜ್ಜಿ ‘ಹೊಟ್ಟೆನೋವಲ್ಲಿ ಹೋದರು’ ಎನ್ನುವಲ್ಲಿಗೆ ಅನೇಕ ವಂಶಾವಳಿಗಳು ನಿಲ್ಲುತ್ತವೆ. ಮದುವೆಯಾಗಬೇಕಾದ ತಂಗಿಯರಿದ್ದರೆ ವರದಿಯೇ ಬೀರುವಿನಲ್ಲಿ ಉಳಿಯುತ್ತದೆ, ಅದರಿಂದ ಉಪಯೋಗವಾಗಬೇಕಾದವರು ಆ ತಂಗಿಯರೇ ಆಗಿದ್ದರೂ.

ಸೋದರಮಾವನಿಗೂ ಅತ್ತೆಯ ಮಗನಿಗೂ ಹೆಣ್ಣು ಕೊಡುವ ಕರ್ನಾಟಕದ ಮನೆಗಳಿಗೆ ಇನ್ನೊಂದು ವಿಷಯ ಗೊತ್ತಿರಬೇಕು. ಗಂಡಹೆಂಡಿರಿಬ್ಬರಲ್ಲೂ ಬಿಆರ್‌ಸಿಎ2ರ ದೋಷವಿದ್ದು ಮಗುವಿಗೆ ಎರಡೂ ಪ್ರತಿಗಳು ಕೆಟ್ಟವೇ ಬಂದರೆ, ಫ್ಯಾಂಕೋನಿ ರಕ್ತಹೀನತೆ ಎಂಬ ಉಗ್ರ ರೋಗ ಎಳವೆಯಲ್ಲೇ ಬರುತ್ತದೆ. ಗರ್ಭಕ್ಕೆ ಸೇರಿಸುವ ಮುನ್ನ ಭ್ರೂಣದಲ್ಲಿ ಗೊತ್ತಿರುವ ಅನುವಂಶೀಯ ರೋಗವನ್ನು ಪರೀಕ್ಷಿಸಲು ಭಾರತದ 2021ರ ಸಂತಾನೋತ್ಪತ್ತಿ ನೆರವಿನ ಕಾಯ್ದೆ ಅವಕಾಶ ಕೊಟ್ಟಿದೆ.

ವಿಮೆಯ ಮಾತು ಬೇರೆಯೇ ಇದೆ. ಅಮೆರಿಕದ 2008ರ ಕಾಯ್ದೆ ಆರೋಗ್ಯ ವಿಮೆ ಮತ್ತು ನೌಕರಿಯಲ್ಲಿ ವಂಶವಾಹಿಯ ಆಧಾರದ ಮೇಲೆ ಭೇದ ಮಾಡುವುದನ್ನು ನಿಷೇಧಿಸುತ್ತದೆ, ಜೀವವಿಮೆಯನ್ನು ಮುಟ್ಟುವುದಿಲ್ಲ. ಭಾರತದಲ್ಲಿ ‘ಅನುವಂಶೀಯ ಕಾಯಿಲೆಗಳಿಗೆ ಪರಿಹಾರವಿಲ್ಲ’ ಎಂಬ ಸಾರಾಸಗಟು ಷರತ್ತು ಭೇದಭಾವವೆಂದು ದೆಹಲಿ ಹೈಕೋರ್ಟ್ ಫೆಬ್ರುವರಿ 2018ರಲ್ಲಿ ಹೇಳಿತು. ಮರುತಿಂಗಳೇ ವಿಮಾ ನಿಯಂತ್ರಣ ಪ್ರಾಧಿಕಾರ ಹೊಸ ಪಾಲಿಸಿಗಳಲ್ಲಿ ಆ ಷರತ್ತು ಹಾಕಬಾರದೆಂದು ಸೂಚಿಸಿತು.

ಇದೇ ನಾಡಿನಲ್ಲಿ ಮುಂಜಾಗ್ರತೆಯ ಹೆಸರು ಕೆಟ್ಟದ್ದೂ ಇದೆ. ಕಲಬುರಗಿ, ಹಾವೇರಿ ಕಡೆಯ ಬಡ ಹೆಂಗಸರಿಗೆ, ಅವರಲ್ಲಿ ಲಂಬಾಣಿ ತಾಂಡಾಗಳ ಎಳೆಯ ವಯಸ್ಸಿನವರೂ ಇದ್ದರು, ಬಿಳಿಸೆರಗು, ಬೆನ್ನುನೋವು ಎಂದು ಹೋದಾಗ ‘ಬಿಟ್ಟರೆ ಕ್ಯಾನ್ಸರ್ ಆಗುತ್ತದೆ’ ಎಂದು ಹೆದರಿಸಿ ಗರ್ಭಕೋಶ ತೆಗೆದ ವರದಿಗಳು ಬಂದವು. ಅಲ್ಲಿ ವಂಶಾವಳಿಯಿಲ್ಲ, ವಂಶವಾಹಿ ಪರೀಕ್ಷೆಯಿಲ್ಲ, ಬದಲಿ ದಾರಿಯ ಮಾತಿಲ್ಲ. ಇದ್ದದ್ದು ಹೆದರಿಕೆ ಮತ್ತು ಬಿಲ್ಲು. ಬಿಹಾರ, ಛತ್ತೀಸ್‌ಗಢ, ರಾಜಸ್ಥಾನಗಳ ಇಂಥ ಪ್ರಕರಣಗಳ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ಏಪ್ರಿಲ್ 2023ರಲ್ಲಿ, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದಿತು. ಒಂದೇ ಬಗೆಯ ಶಸ್ತ್ರಚಿಕಿತ್ಸೆ ಲಿಂಚ್ ಕುಟುಂಬದ ಹೆಣ್ಣುಮಗಳಿಗೆ ರಕ್ಷೆ, ತಾಂಡಾದ ಹೆಣ್ಣುಮಗಳಿಗೆ ಮೋಸ.

ಈಗಿನ ಹುಡುಕಾಟ

ಅಂಡಾಶಯದ್ದೆಂದು ಕರೆಯುವ ಕ್ಯಾನ್ಸರಿನ ಅತಿ ಸಾಮಾನ್ಯ ಬಗೆ ನಿಜವಾಗಿ ಅಂಡನಾಳದ ತುದಿಯಲ್ಲಿ ಹುಟ್ಟುತ್ತದೆಂಬುದು ಇಷ್ಟು ವರ್ಷಗಳ ಮುಂಜಾಗ್ರತೆಯ ಶಸ್ತ್ರಚಿಕಿತ್ಸೆಗಳು ಕೊಟ್ಟ ತಿಳಿವಳಿಕೆ. ಬಿಆರ್‌ಸಿಎ ದೋಷವಿದ್ದ ಆರೋಗ್ಯವಂತ ಮಹಿಳೆಯರಿಂದ ತೆಗೆದ ಅಂಗಗಳನ್ನು ರೋಗಶಾಸ್ತ್ರಜ್ಞರು ತೆಳುವಾಗಿ ಸೀಳಿ ನೋಡಿದಾಗ ಮೊದಲ ಕುರುಹು ನಾಳದಲ್ಲಿ ಕಂಡಿತು. ಹಾಗಿದ್ದರೆ ಮೂವತ್ತೈದರ ಸುಮಾರಿಗೆ ನಾಳಗಳನ್ನಷ್ಟೆ ತೆಗೆದು, ಹಾರ್ಮೋನ್ ಕೊಡುವ ಅಂಡಾಶಯಗಳನ್ನು ಇನ್ನೂ ಕೆಲವು ವರ್ಷ ಉಳಿಸಬಹುದೆ? ನೆದರ್ಲೆಂಡ್ಸ್, ಬ್ರಿಟನ್, ಅಮೆರಿಕಗಳಲ್ಲಿ ಇದನ್ನೇ ಪರೀಕ್ಷಿಸುವ ಪ್ರಯೋಗಗಳು ನಡೆದಿವೆ. ಹೀಗೆ ಮಾಡಿಸಿಕೊಂಡವರ ದಿನನಿತ್ಯದ ಬದುಕು ಹೆಚ್ಚು ನೆಮ್ಮದಿಯದು ಎಂದು ಡಚ್ ಪ್ರಯೋಗ ಆಗಲೇ ತೋರಿಸಿದೆ. ಕ್ಯಾನ್ಸರನ್ನು ಅಷ್ಟೇ ಚೆನ್ನಾಗಿ ತಡೆಯುತ್ತದೆಯೇ ಎಂಬುದಕ್ಕೆ ಹತ್ತಾರು ವರ್ಷ ಕಾಯಬೇಕು. ಇಂದು ಮೂವತ್ತೈದಾದವರು ಆ ಉತ್ತರ ಬರುವ ಮೊದಲೇ ನಿರ್ಧರಿಸುತ್ತಿದ್ದಾರೆ.